ಬಾಂದ್ರಾದ ಎರಡು ನೊರೆ

ಬಾಂದ್ರಾ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಸಿನಿಮಾ ನಟರ ಬಂಗಲೆ, ಮೌಂಟ್ ಮೇರಿಯ ಸೆಪ್ಟೆಂಬರ್ ಜಾತ್ರೆ, ಲಿಂಕಿಂಗ್ ರೋಡಿನ ಚಪ್ಪಲಿ ಅಂಗಡಿ, 2009ರಿಂದೀಚೆಗೆ ಸೀ ಲಿಂಕ್. ಊರಿನಿಂದ ನೆಂಟರು ಬಂದರೆ ನಾವು ತೋರಿಸುವುದೂ ಇವನ್ನೇ. ಮಳೆಗಾಲದಲ್ಲಿ ಬಂದವರಿಗೆ ಇನ್ನೊಂದನ್ನೂ ತೋರಿಸಬಹುದು. ಅದಕ್ಕೆ ಟಿಕೇಟೂ ಇಲ್ಲ, ಕ್ಯೂ ಕೂಡ ಇಲ್ಲ. ಅದು ನೊರೆ. ನಗಬೇಡಿ, ಸ್ವಲ್ಪ ದೂರ ನನ್ನ ಜೊತೆ ಬನ್ನಿ.

ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು ಆಟೋ ಹಿಡಿದು ಬ್ಯಾಂಡ್‌ಸ್ಟ್ಯಾಂಡಿನ ತುದಿಯವರೆಗೆ ಹೋಗಿ. ಅಲ್ಲಿ 1640ರಲ್ಲಿ ಪೋರ್ಚುಗೀಸರು ಕಟ್ಟಿದ ಕೋಟೆಯ ಗೋಡೆಗಳು ಉಳಿದಿವೆ. ಅವರು ಅದನ್ನು ಕಾಸ್ತೆಲಾ ದ ಅಗ್ವಾದಾ ಎಂದು ಕರೆದರು. ಅಗ್ವಾದಾ ಎಂದರೆ ಹಡಗಿನವರು ಸಿಹಿನೀರು ತುಂಬಿಕೊಳ್ಳುವ ತಾಣ. ಗೋಡೆಯ ಪಕ್ಕ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ನಿಮ್ಮ ಬಲಗಡೆ ತೆರೆದ ಅರಬ್ಬೀ ಸಮುದ್ರ, ಎಡಗಡೆ ಮಾಹಿಮ್ ಕೊಲ್ಲಿ. ಆ ಕೊಲ್ಲಿಗೇ ನಮ್ಮ ಮೀಠಿ ನದಿ ಬಂದು ಸೇರುವುದು. ಜುಲೈ ತಿಂಗಳಲ್ಲಿ ಎರಡು ಕಡೆಯೂ ನೊರೆ ಇರುತ್ತದೆ. ದೂರದಿಂದ ಎರಡೂ ಒಂದೇ ಥರ ಕಾಣುತ್ತದೆ, ಹತ್ತಿರ ಹೋದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. (ಹತ್ತಿರ ಎಂದರೆ ಕಟ್ಟೆಯವರೆಗೆ ಮಾತ್ರ. ಬ್ಯಾಂಡ್‌ಸ್ಟ್ಯಾಂಡಿನ ಕರಿಬಂಡೆಗಳ ಮೇಲೆ ಮಳೆಗಾಲದಲ್ಲಿ ದಯವಿಟ್ಟು ಇಳಿಯಬೇಡಿ. ಅಲೆ ಎಳೆದುಕೊಂಡು ಹೋಗಿ ಜೀವ ಹೋದದ್ದಿದೆ.)

ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ನನಗೆ ನೊರೆ ಎಂದರೆ ಕವಿಗಳ ಒಂದು ಉಪಮೆ, ಅಷ್ಟೇ. ನಮ್ಮ ದಾಸರೂ ಬದುಕನ್ನು ನೀರಿನ ಗುಳ್ಳೆಗೆ ಹೋಲಿಸಿದವರೇ. ಆದರೆ ಆ ಗುಳ್ಳೆಯನ್ನೇ ನಂಬಿ ಮೂವತ್ತು ವರ್ಷ ಸಂಸಾರ ನಡೆಸಿದ ಒಬ್ಬರು ನಮ್ಮ ಮನೆಯಲ್ಲೇ ಇದ್ದಾರೆ. ನಮ್ಮ ಭಾವ, ಅಕ್ಕನ ಯಜಮಾನರು. ರಾಜ್ಯದ ಒಳಗೂ ಹೊರಗೂ ಮೂರು ಕಡೆ ಅದಿರು ಶುದ್ಧ ಮಾಡುವ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿದು ನಿವೃತ್ತರಾದವರು. ಕಳೆದ ಮಳೆಗಾಲದಲ್ಲಿ ಅಕ್ಕನೊಂದಿಗೆ ಬಂದು ಮೂರು ವಾರ ನಮ್ಮಲ್ಲಿದ್ದರು. ಈ ಪ್ರವಾಸ ಕಥನ ಆ ಮೂರು ವಾರದ್ದು.

ಕನ್ನಡನಾಡಿನ ಗಣಿ ಎಂದರೆ ನಮಗೆಲ್ಲ ಕೋಲಾರದ ಚಿನ್ನ ಗೊತ್ತು, ಕುದುರೆಮುಖದ ಕಬ್ಬಿಣ ಗೊತ್ತು. 2005ರ ಕೊನೆಯ ದಿನ ನಿಂತುಹೋಗುವವರೆಗೂ ಕುದುರೆಮುಖದಿಂದ ಅದಿರು ನೀರಿನಲ್ಲಿ ಕಲಸಿದ ರಾಡಿಯಾಗಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿದು ಬರುತ್ತಿತ್ತು. ಚಿತ್ರದುರ್ಗದ ಹತ್ತಿರ ಇಂಗಳದಾಳದಲ್ಲಿ ತಾಮ್ರದ ಗಣಿ ಇತ್ತೆಂಬುದು ಎಷ್ಟು ಜನಕ್ಕೆ ನೆನಪಿದೆಯೋ. ಅದೂ ಈಗ ಮುಚ್ಚಿದೆ. ಕುದುರೆಮುಖದ ಮ್ಯಾಗ್ನಟೈಟನ್ನು ಅಯಸ್ಕಾಂತ ಹಿಡಿದು ಎಳೆಯಬಹುದು. ತಾಮ್ರದ ಅದಿರು ಅಯಸ್ಕಾಂತಕ್ಕೆ ಜಗ್ಗುವುದಿಲ್ಲ. ಅದಕ್ಕೆ ಬೇಕಾದದ್ದು ನೊರೆ.

ಹೇಗೆ ಎಂದು ಭಾವ ನನಗೆ ಅಡುಗೆಮನೆಯಲ್ಲೇ ವಿವರಿಸಿದರು. ಅದಿರಿನಲ್ಲಿ ತಾಮ್ರ ನೂರಕ್ಕೆ ಒಂದು ಪಾಲು ಇದ್ದರೆ ಹೆಚ್ಚು. ಮಿಕ್ಕಿದ್ದು ಬರೀ ಕಲ್ಲು. ಎಲ್ಲವನ್ನೂ ಹಿಟ್ಟಿನಷ್ಟು ನುಣ್ಣಗೆ ನೀರಿನಲ್ಲಿ ಅರೆದು ತೊಟ್ಟಿಗೆ ಬಿಡುತ್ತಾರೆ. ಅದಕ್ಕೆ ಜಾಂಥೇಟ್ ಎಂಬ ರಾಸಾಯನಿಕ ಬೆರೆಸುತ್ತಾರೆ. ಕಾರ್ಖಾನೆಯ ಭಾಷೆಯಲ್ಲಿ ಅದರ ಹೆಸರು ಕಲೆಕ್ಟರ್, ಜಿಲ್ಲೆಯದ್ದಲ್ಲ. ಅದು ತಾಮ್ರದ ಕಣವನ್ನು ಮಾತ್ರ ಹುಡುಕಿ ಮೈಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಆ ಕಣಕ್ಕೆ ನೀರು ಅಂಟುವುದಿಲ್ಲ, ಕೆಸುವಿನ ಎಲೆಯ ಮೇಲೆ ನೀರು ನಿಲ್ಲದ ಹಾಗೆ. ಇನ್ನೊಂದು ಔಷಧಿ, ಪೈನ್ ಎಣ್ಣೆಯಂಥದ್ದು, ನೊರೆ ಬರಿಸುವುದಕ್ಕೆ. ತಳದಿಂದ ಗಾಳಿ ಊದಿದರೆ ನೀರನ್ನು ಒಲ್ಲದ ತಾಮ್ರದ ಕಣ ಗುಳ್ಳೆಗೆ ಜೋತುಬಿದ್ದು ಮೇಲೆ ಬರುತ್ತದೆ, ಕಲ್ಲಿನ ಪುಡಿ ಕೆಳಗೇ ಉಳಿಯುತ್ತದೆ. ಮೇಲಿನ ನೊರೆಯನ್ನು ಹುಟ್ಟಿನಂಥ ಹಲಗೆಗಳು ಅಂಚಿನ ಕಾಲುವೆಗೆ ಬಳಿದು ಹಾಕುತ್ತವೆ. ಇದನ್ನೇ ಎರಡು ಮೂರು ಸಲ ಮಾಡಿದರೆ ನೂರಕ್ಕೆ ಒಂದಿದ್ದ ತಾಮ್ರ ಇಪ್ಪತ್ತು ದಾಟುತ್ತದೆ. ಟನ್ ಅದಿರಿಗೆ ಈ ಔಷಧಿಗಳು ಬೇಕಾಗುವುದು ಹತ್ತಾರು ಗ್ರಾಂ, ನಾವು ಸಾರಿಗೆ ಒಗ್ಗರಣೆ ಹಾಕುವ ಲೆಕ್ಕವೂ ಇಲ್ಲ.

ಈ ವಿದ್ಯೆಯ ಮೊದಲ ಪೇಟೆಂಟುಗಳಲ್ಲಿ ಒಂದು ಒಬ್ಬ ಹೆಂಗಸಿನದು ಎಂದು ತಿಳಿದಾಗ ನನಗೆ ಎಲ್ಲಿಲ್ಲದ ಸಂತೋಷವಾಯಿತು. ಅಮೆರಿಕದ ಕ್ಯಾರಿ ಎವರ್ಸನ್, 1886. ಗಣಿಗೆ ಹಣ ಹಾಕಿ ಕಳೆದುಕೊಂಡ ವೈದ್ಯರೊಬ್ಬರ ಪತ್ನಿ. ಎಣ್ಣೆ ಮತ್ತು ಆಮ್ಲ ಸೇರಿಸಿ ಅದಿರನ್ನು ತೇಲಿಸುವ ಪ್ರಯೋಗಗಳನ್ನು ಆಕೆ ಕೂತು ಮಾಡಿದ್ದಳು. ಆದರೆ ಜನ ಕಟ್ಟಿದ ಕಥೆಯೇ ಬೇರೆ: ಆಕೆ ಯಾರದೋ ಅದಿರಿನ ಚೀಲ ಒಗೆಯುತ್ತಿದ್ದಾಗ ಆಕಸ್ಮಿಕವಾಗಿ ಕಣಗಳು ತೇಲಿದ್ದನ್ನು ಕಂಡಳಂತೆ! ಹೆಂಗಸು ಏನಾದರೂ ಕಂಡುಹಿಡಿದರೆ ಅದು ಬಟ್ಟೆ ಒಗೆಯುವಾಗಲೇ ಆಗಿರಬೇಕು ನೋಡಿ. ಈ ವಿಧಾನ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದದ್ದು 1905ರ ನಂತರ, ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಗಣಿಗಳ ಕಡೆಯಿಂದ. ಆಗ ಆಕೆಯ ಪೇಟೆಂಟಿನ ಕಾಲಾವಧಿ ಮುಗಿದುಹೋಗಿತ್ತು.

ಇರಲಿ. ನೊರೆ ಸರಿಯಾಗಿ ಬಂದಾಗ ಕಥೆಯೇ ಇರುವುದಿಲ್ಲ. ಭಾವನ ಕಥೆಗಳೆಲ್ಲ ನೊರೆ ಕೆಟ್ಟ ರಾತ್ರಿಗಳವು.

“ನೋಡಮ್ಮ, ನೊರೆ ಎರಡು ಥರ ಕೆಡುತ್ತೆ. ಒಂದು ಬರೋದೇ ಇಲ್ಲ, ಇನ್ನೊಂದು ನಿಲ್ಲೋದೇ ಇಲ್ಲ” ಎಂದರು. ಬಾರದ ನೊರೆಯಲ್ಲಿ ಗುಳ್ಳೆಗಳು ದೊಡ್ಡದಾಗಿ, ಗಾಜಿನ ಹಾಗೆ ಬರಿದಾಗಿ ಬಂದು ಟಪ್ಪನೆ ಒಡೆಯುತ್ತವೆ. ಔಷಧಿಯ ಪಂಪು ಕಟ್ಟಿಕೊಂಡಿರಬಹುದು, ಗಾಳಿ ಸಾಲದಿರಬಹುದು, ಅಥವಾ ಯಂತ್ರದ ಗೇರ್‌ಬಾಕ್ಸಿನಿಂದ ಎಣ್ಣೆ ಸೋರಿ ತೊಟ್ಟಿಗೆ ಬಿದ್ದಿರಬಹುದು. ಎಣ್ಣೆ ನೊರೆಯ ವೈರಿ ಎಂಬುದು ನಮಗೆ ಹೊಸದಲ್ಲ. ತೊಗರಿಬೇಳೆ ಉಕ್ಕದಿರಲೆಂದು ನಾವು ಒಂದು ಚಮಚ ಎಣ್ಣೆ ಬಿಡುವುದಿಲ್ಲವೇ? ಮಂಡ್ಯದ ಆಲೆಮನೆಯಲ್ಲಿ ಕೊಪ್ಪರಿಗೆ ಉಕ್ಕಿ ಬಂದಾಗ ಎರಡು ತೊಟ್ಟು ಎಣ್ಣೆ ಹಾಕುವುದೂ ಅದಕ್ಕೇ.

ನಿಲ್ಲದ ನೊರೆಯದು ದೊಡ್ಡ ಫಜೀತಿ. ಸಣ್ಣ ಸಣ್ಣ ಗುಳ್ಳೆ ಒತ್ತೊತ್ತಾಗಿ, ಜಿಗುಟಾಗಿ ಬಂದು ಕಾಲುವೆಗೆ ಬಿದ್ದರೂ ಒಡೆಯುವುದಿಲ್ಲ. ಕಾಲುವೆ ತುಂಬಿ, ಗುಂಡಿ ತುಂಬಿ, ನಡೆಯುವ ಹಲಗೆಯ ಮೇಲೆ ಹರಿದು, ಪಂಪುಗಳು ರಾಡಿಯ ಬದಲು ಗಾಳಿ ನುಂಗಿ ಕೂಗತೊಡಗುತ್ತವೆ. ಆ ನೊರೆಯೊಂದಿಗೆ ಹೊರಗೆ ಹರಿದುಹೋಗುವುದು ತಾಮ್ರ, ಅಂದರೆ ದುಡ್ಡು. ಕಾರಣಗಳು ಹಲವು. ನೊರೆ ಔಷಧಿ ಮಿತಿ ಮೀರಿರಬಹುದು. ಮಳೆಗೆ ನೆನೆದ ಅದಿರಿನ ರಾಶಿಯಿಂದ ಜೇಡಿ ಸೇರಿಕೊಂಡಿರಬಹುದು. ಆಗ ನೊರೆ ಮಣ್ಣು ಬಣ್ಣಕ್ಕೆ ತಿರುಗುತ್ತದೆ. ಒಮ್ಮೆ ಬಳಸಿದ ನೀರನ್ನೇ ತಿರುಗಿ ಬಳಸುವಾಗ ಹಳೆಯ ಔಷಧಿಯ ಉಳಿಕೆ ಅದರಲ್ಲೇ ಬಂದಿರಬಹುದು.

“ಹೊಸಬರು ಏನು ಮಾಡ್ತಾರೆ ಗೊತ್ತಾ? ಗಾಬರಿ ಬಿದ್ದು ಎಲ್ಲ ಕೀಲಿಯನ್ನೂ ಒಟ್ಟಿಗೇ ತಿರುಗಿಸ್ತಾರೆ. ಗಾಳಿ ಕಡಿಮೆ, ಔಷಧಿ ಕಡಿಮೆ, ಸುಣ್ಣ ಜಾಸ್ತಿ. ಅರ್ಧ ಗಂಟೆ ಆದಮೇಲೆ ಯಾವುದರಿಂದ ಏನಾಯ್ತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ.” ತೊಟ್ಟಿಗಳ ಸಾಲಿನಲ್ಲಿ ಒಂದು ಬದಲಾವಣೆಯ ಫಲ ಕಾಣಲು ಹೊತ್ತು ಬೇಕು. ಒಂದನ್ನು ಬದಲಿಸಿ, ಕಾದು, ನೋಡಿ, ಪುಸ್ತಕದಲ್ಲಿ ಬರೆದು, ಆಮೇಲೆ ಇನ್ನೊಂದಕ್ಕೆ ಕೈ ಹಾಕಬೇಕು. ನೊರೆ ಕೊಲ್ಲುವ ಔಷಧಿಯೂ ಪೇಟೆಯಲ್ಲಿ ಸಿಗುತ್ತದೆ. ಅದನ್ನು ಸುರಿದರೆ ಐದು ನಿಮಿಷದಲ್ಲಿ ನೊರೆ ಕುಸಿಯುತ್ತದೆ, ಆದರೆ ಅದೇ ನೀರು ಸುತ್ತಿ ಬಂದಾಗ ಬೇಕಾದ ನೊರೆಯೂ ಏಳುವುದಿಲ್ಲ.

ಒಂದು ಕಾರ್ಖಾನೆಯಲ್ಲಿ (ಹೆಸರು ಹೇಳಲು ಭಾವ ಒಪ್ಪಲಿಲ್ಲ, ನಾನೂ ಕೇಳಲಿಲ್ಲ) ಮೂರು ದಿನ ಸತತವಾಗಿ ಬೆಳಗಿನ ಪಾಳಿಯಲ್ಲಿ ಮಾತ್ರ ನೊರೆ ಉಕ್ಕುತ್ತಿತ್ತಂತೆ. ಔಷಧಿಯ ತೊಟ್ಟನ್ನು ಅಳತೆಯ ಗಾಜಿನಲ್ಲಿ ಹಿಡಿದು ನೋಡಿದರು, ಲೆಕ್ಕ ಸರಿಯಿತ್ತು. ಅದಿರು ಅದೇ, ಗಾಳಿ ಅದೇ. ಭಾವ ತೊಟ್ಟಿಯನ್ನು ಬಿಟ್ಟು ನೀರು ಬರುವ ದಾರಿ ಹಿಡಿದು ಹಿಂದಕ್ಕೆ ನಡೆದರು. ಪೈಪಿನ ಪಕ್ಕದಲ್ಲೇ ಸುಮಾರು ದೂರ ಹೋದ ಮೇಲೆ ಸಿಕ್ಕಿತು. ವಾಹನಗಳನ್ನು ತೊಳೆಯುವ ಜಾಗವನ್ನು ಹೊಸದಾಗಿ ಬದಲಾಯಿಸಿದ್ದರು. ಬೆಳಿಗ್ಗೆ ಬೆಳಿಗ್ಗೆ ಸೋಪಿನ ಪುಡಿ ಹಾಕಿ ಲಾರಿ ತೊಳೆದ ನೀರು ಮರುಬಳಕೆಯ ಹೊಂಡಕ್ಕೆ ಇಳಿಯುತ್ತಿತ್ತು!

ಈಗ ಬಾಂದ್ರಾಕ್ಕೆ ಮರಳೋಣ. ಭಾವ ಇದ್ದಾಗಲೇ ನಮ್ಮ ಸೊಸೈಟಿಯಲ್ಲಿ ಒಂದು ಸಣ್ಣ ರಾಮಾಯಣ ನಡೆಯಿತು. ಭಾನುವಾರ ಮಕ್ಕಳ ಒಂದು ಗುಂಪು ನೊರೆಯಲ್ಲಿ ಆಡಿ ಬಂದಿತ್ತು. ಎರಡು ಮಕ್ಕಳಿಗೆ ಮೈಯೆಲ್ಲ ಕೆರೆತ. ನೊರೆಯಿಂದಲೇ ಬಂದದ್ದೆಂದು ಡಾಕ್ಟರು ಖಚಿತವಾಗಿ ಹೇಳಲಿಲ್ಲ, ಆದರೆ ತಾಯಂದಿರಿಗೆ ಅಷ್ಟು ಸಾಕಾಯಿತು. ಇನ್ನು ಯಾರೂ ಸಮುದ್ರದ ಕಡೆ ಹೋಗಕೂಡದು ಎಂದು ಒಂದು ಪಕ್ಷ. ಸಮುದ್ರದ ನೊರೆ ಪ್ರಕೃತಿಯದು, ನಾವೂ ಅದರಲ್ಲೇ ಆಡಿ ಬೆಳೆದವರು ಎಂದು ಇನ್ನೊಂದು ಪಕ್ಷ. ಭಾವ ಕೇಳಿದ್ದು ಎರಡೇ ಪ್ರಶ್ನೆ: “ಎಲ್ಲಿ ಆಡಿದರು? ಎಷ್ಟು ಹೊತ್ತಿಗೆ?”

ವಿಚಾರಿಸಿದರೆ ಮಕ್ಕಳು ಹೋದದ್ದು ಬ್ಯಾಂಡ್‌ಸ್ಟ್ಯಾಂಡಿಗಲ್ಲ. ಕಾಸ್‌ವೇ ದಾಟಿ ಮಾಹಿಮ್ ಕಡೆಯ ಮರಳಿಗೆ, ಇಳಿತದ ಹೊತ್ತಿನಲ್ಲಿ. ಅಂದ ಹಾಗೆ, ಆ ಕಾಸ್‌ವೇ ಕಟ್ಟಲು ಹಣ ಕೊಟ್ಟದ್ದು ಲೇಡಿ ಅವಾಬಾಯಿ ಜೀಜೀಭಾಯಿ ಎಂಬ ಪಾರ್ಸಿ ಮಹಿಳೆ. 1845ರಲ್ಲಿ ಅದು ತೆರೆಯುವವರೆಗೂ ಬಾಂದ್ರಾ ಮಾಹಿಮ್‌ಗಳ ನಡುವೆ ದೋಣಿಯೇ ಗತಿ. ಇಳಿತದಲ್ಲಿ ಸಮುದ್ರ ಹಿಂದೆ ಸರಿದಾಗ ಖಾಡಿಯ ನೀರು, ಅಂದರೆ ಮೀಠಿಯ ನೀರು, ಆ ಕಾಸ್‌ವೇಯ ಕೆಳಗಿನಿಂದ ಹೊರಗೆ ಬರುತ್ತದೆ. ಭರತದಲ್ಲಿ ಸಮುದ್ರವೇ ಒಳನುಗ್ಗುತ್ತದೆ. ಒಂದೇ ಮರಳು, ಆರು ಗಂಟೆಯ ಅಂತರದಲ್ಲಿ ಬೇರೆ ಬೇರೆ ನೀರು.

ಮರುದಿನ ಭಾವ ನನ್ನ ಪಾತ್ರೆ ತೊಳೆಯುವ ರಬ್ಬರ್ ಗವುಸು ಹಾಕಿಕೊಂಡು ಎರಡು ಖಾಲಿ ಬಾಟಲಿ ಹಿಡಿದು ಹೊರಟರು. ಅಕ್ಕ ತಲೆ ಚಚ್ಚಿಕೊಂಡಳು. ಒಂದರಲ್ಲಿ ತೆರೆದ ಸಮುದ್ರದ ನೀರು, ಚಿಂಬಾಯಿ ಕೋಳಿವಾಡದ ಮರಳಿನ ಅಂಚಿನಿಂದ. ಇನ್ನೊಂದರಲ್ಲಿ ಇಳಿತದ ಹೊತ್ತಿನ ಖಾಡಿಯ ನೀರು. ಮನೆಗೆ ತಂದು ಎರಡನ್ನೂ ಎಣಿಸಿ ಇಪ್ಪತ್ತು ಸಲ ಕುಲುಕಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಸಮುದ್ರದ ಬಾಟಲಿಯ ನೊರೆ ನಾನು ಗಡಿಯಾರ ನೋಡುವಷ್ಟರಲ್ಲಿ ಅಡಗಿತು. ಖಾಡಿಯ ಬಾಟಲಿಯದು ಕಾಫಿ ಸೋಸಿ, ಕುಡಿದು, ಲೋಟ ತೊಳೆದಿಟ್ಟರೂ ಬೆರಳಗಲ ನಿಂತೇ ಇತ್ತು.

ಸಮುದ್ರದಲ್ಲಿ ಕಣ್ಣಿಗೆ ಕಾಣದ ಪಾಚಿಯಂಥ ಜೀವಿಗಳು ಬೆಳೆದು ಸಾಯುತ್ತವೆ. ಅವುಗಳ ಸಾರ ನೀರಿನಲ್ಲಿ ಕರಗಿ, ಮುಂಗಾರಿನ ಅಲೆ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಎಬ್ಬಿಸುತ್ತದೆ. ಆ ನೊರೆ ಬಿಳಿ ಅಥವಾ ತುಸು ಕಂದು, ಗಾಳಿಗೆ ಹಾರುತ್ತದೆ, ಬಂಡೆಯ ಮೇಲೆ ಬಿದ್ದರೆ ಒಡೆಯುತ್ತದೆ. ಖಾಡಿಯ ನೊರೆಗೆ ಬೇಕಾದದ್ದು ಬಚ್ಚಲ ನೀರು, ಸೋಪಿನ ಪುಡಿ, ಚರಂಡಿಯ ಹೊಲಸು. ಬೂದು ಬಣ್ಣ, ಅಂಟು, ವಾಸನೆ. ಭಾವನ ಮಾತಿನಲ್ಲಿ, ಮೊದಲನೆಯದು ಬೇಗ ಸಾಯುವ ನೊರೆ, ಎರಡನೆಯದು ಔಷಧಿ ಹೆಚ್ಚಾದ ನೊರೆ. ಸಮುದ್ರದ ನೊರೆಯಲ್ಲೂ ಏನೂ ಇರುವುದೇ ಇಲ್ಲವೆಂದು ಅವರು ಹೇಳಲಿಲ್ಲ. ಬಾಂದ್ರಾದ ಕೊಳಚೆಯನ್ನು ಕೊಳವೆಯಲ್ಲಿ ಮೂರೂವರೆ ಕಿಲೋಮೀಟರಿಗೂ ಹೆಚ್ಚು ದೂರ ಸಮುದ್ರದೊಳಕ್ಕೆ ಒಯ್ದು ಬಿಡುತ್ತಾರೆಂದು ನಾನು ಹೇಳಿದಾಗ, ಬಾಟಲಿಯ ಪರೀಕ್ಷೆಯಿಂದ ರೋಗಾಣು ಗೊತ್ತಾಗುವುದಿಲ್ಲ ಎಂದು ಅವರೇ ಎಚ್ಚರಿಸಿದರು.

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯನ್ನು ನೀವೆಲ್ಲ ಟಿ.ವಿ.ಯಲ್ಲಿ ನೋಡಿದ್ದೀರಿ. 2015ರ ಮೇ ತಿಂಗಳಲ್ಲಿ ಅದಕ್ಕೆ ಬೆಂಕಿಯೂ ಹತ್ತಿತ್ತು. ನೊರೆ ರಸ್ತೆಗೆ ಹಾರಬಾರದೆಂದು ಸೇತುವೆಗೆ ಜಾಲರಿ ಕಟ್ಟಿದರು, ನೀರು ಚಿಮುಕಿಸಿದರು. ಭಾವ ಅದನ್ನು ನೆನೆದರೆ ಇವತ್ತಿಗೂ ಗೊಣಗುತ್ತಾರೆ: ಉಕ್ಕುವ ತೊಟ್ಟಿಯ ಸುತ್ತ ಬೇಲಿ ಹಾಕಿದ ಹಾಗೆ! ಭಾರತೀಯ ವಿಜ್ಞಾನ ಸಂಸ್ಥೆಯವರು ಆ ಕೆರೆಯನ್ನು ಕೂಲಂಕಷವಾಗಿ ನೋಡಿ ಹೇಳಿದ್ದು ಬೇರೆ. ಮನೆಗಳ ಡಿಟರ್ಜೆಂಟಿನ ಅಂಶ ತಳದ ಹೂಳಿಗೆ ಅಂಟಿಕೊಂಡು ಕೂಡಿಬೀಳುತ್ತದೆ, ಜೋರು ಮಳೆ ಬಂದು ಹೂಳು ಕದಡಿದಾಗ ಅದು ಬಿಡಿಸಿಕೊಂಡು ನೊರೆಯಾಗಿ ಏಳುತ್ತದೆ ಎಂದು.

ಹಾಗಾದರೆ ಮೀಠಿಯದನ್ನು ಹಿಂದಕ್ಕೆ ನಡೆದು ನೋಡೋಣ ಎಂದರು. ನಡೆಯುವುದೇನು ಬಂತು, ಟ್ಯಾಕ್ಸಿ ಮಾಡಿದೆವು. ಈ ಪ್ರವಾಸವನ್ನು ನೀವೂ ಒಮ್ಮೆ ಮಾಡಿ, ಅರ್ಧ ದಿನ ಸಾಕು. ಮೀಠಿಯ ಉದ್ದ ಸುಮಾರು 18 ಕಿಲೋಮೀಟರ್. ಬಾಂದ್ರಾ ಕುರ್ಲಾ ಸಂಕೀರ್ಣದ ಗಾಜಿನ ಕಟ್ಟಡಗಳ ಪಕ್ಕದಲ್ಲಿ ಅದು ಕಪ್ಪಗೆ, ಅಗಲವಾಗಿ ಮಲಗಿದೆ. ಎದುರು ದಡದಲ್ಲಿ ಹಿಂದೊಮ್ಮೆ ಕಸದ ರಾಶಿಯಾಗಿದ್ದ ಜಾಗದಲ್ಲಿ 1994ರಲ್ಲಿ ತೆರೆದ ಮಾಹಿಮ್ ನಿಸರ್ಗ ಉದ್ಯಾನ ಹಸಿರಾಗಿ ನಿಂತಿದೆ. ಕುರ್ಲಾದಲ್ಲಿ ಗುಜರಿ ಅಂಗಡಿ, ಡ್ರಮ್ಮು ತೊಳೆಯುವವರು, ಸಣ್ಣ ಕಾರ್ಖಾನೆಗಳು. ಆದರೆ ಎಲ್ಲಕ್ಕಿಂತ ಹೆಚ್ಚು ಬಂದು ಸೇರುವುದು ಮನೆಗಳ ಕೊಳಚೆಯೇ, ನನ್ನದೂ ನಿಮ್ಮದೂ. ಮುಂದೆ ವಿಮಾನ ನಿಲ್ದಾಣ ದಾಟಿ, ಪವಾಯಿಯ ಹತ್ತಿರ ಫಿಲ್ಟರ್‌ಪಾಡಾಕ್ಕೆ ಬಂದರೆ ವಿಹಾರ್ ಕೆರೆ ತುಂಬಿ ಚೆಲ್ಲಿದ ನೀರು ಕಲ್ಲುಗಳ ಮೇಲೆ ಹರಿದು ಬರುತ್ತಿರುತ್ತದೆ. ನಮ್ಮ ಮಲೆನಾಡಿನ ಹಳ್ಳವೇ ಎನ್ನಬೇಕು. ಭಾವ ಮೂರನೆಯ ಬಾಟಲಿ ತುಂಬಿ ಅಲ್ಲೇ ಕುಲುಕಿದರು. ನಾಲ್ಕೈದು ಗುಳ್ಳೆ ಎದ್ದು ಒಡೆದವು, ಆಯಿತು. 26 ಜುಲೈ 2005ರಂದು ಒಂದೇ ದಿನ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದು ಊರನ್ನೇ ಮುಳುಗಿಸಿದ್ದು ಇದೇ ಹಳ್ಳ ಎಂದರೆ ಭಾವ ನಂಬಲಿಲ್ಲ.

ಸೊಸೈಟಿಯ ಜಗಳ ತೀರಿದ್ದು ಹೀಗೆ: ಇಳಿತದ ಹೊತ್ತಿನಲ್ಲಿ ಖಾಡಿಯ ಬಾಯಿಯ ಹತ್ತಿರ ಯಾವ ಮಗುವೂ ನೀರಿಗೆ ಇಳಿಯಬಾರದು. ಬ್ಯಾಂಡ್‌ಸ್ಟ್ಯಾಂಡಿನ ನೊರೆಯನ್ನು ಕಟ್ಟೆಯ ಮೇಲೆ ನಿಂತು ನೋಡಬಹುದು, ಕೈಗೆ ಹಾರಿ ಬಂದರೆ ಊದಬಹುದು, ಮನೆಗೆ ಬಂದು ಕೈ ತೊಳೆಯಬೇಕು. ಎರಡು ಪಕ್ಷದವರಿಗೂ ಅರ್ಧ ಸಮಾಧಾನ. ಬಾಂದ್ರಾದಲ್ಲೂ ಧಾರಾವಿಯಲ್ಲೂ ಹೊಸ ಕೊಳಚೆ ಶುದ್ಧೀಕರಣ ಘಟಕಗಳಿಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿದೆಯೆಂದು ನಮ್ಮವರು ಹೇಳಿದಾಗ ಭಾವ ಕೇಳಿದ್ದು, ನದಿಗೆ ನೇರವಾಗಿ ಬೀಳುವ ಮೋರಿಗಳೆಲ್ಲ ಅದಕ್ಕೆ ಸೇರುತ್ತವೆಯೇ ಎಂದು. ನಮ್ಮವರು ಪೇಪರ್ ಮಡಚಿಟ್ಟರು.

ಬಾಟಲಿಗಳು ಮಾತ್ರ ಮೂರೂ ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಕೂತಿದ್ದವು. ನಮ್ಮ ಮನೆಯ ಕೆಲಸಕ್ಕೆ ಬರುವ ಬಾಯಿಯ ಮನೆ ಮೀಠಿಯ ದಡದಲ್ಲೇ. 2005ರ ನೀರು ಎದೆಮಟ್ಟಕ್ಕೆ ಬಂದದ್ದನ್ನು ಕಂಡವಳು. ಅವಳು ಕಿಟಕಿ ಒರೆಸುತ್ತ ನಡುವಿನ ಬಾಟಲಿಯನ್ನು ತೋರಿಸಿ, “ಇದು ನಮ್ಮದು” ಎಂದಳು ಮರಾಠಿಯಲ್ಲಿ. ಹೇಗೆ ಗೊತ್ತಾಯಿತು ಎಂದರೆ ನಕ್ಕಳು. ದಿನಾ ನೋಡುವುದಲ್ಲವೇ? ಬೆಳಿಗ್ಗೆ ಎಲ್ಲರ ಬಟ್ಟೆ ಒಗೆದಾದ ಮೇಲೆ ಹೆಚ್ಚು, ಮಧ್ಯಾಹ್ನ ಕಡಿಮೆ. ಬೇಸಿಗೆಯಲ್ಲಿ ಅಷ್ಟಿಲ್ಲ. ವರ್ಷದ ಮೊದಲ ಮಳೆಯ ದಿನ ಬಾಗಿಲವರೆಗೆ ಬರುತ್ತದೆ, ನಾಲ್ಕು ದಿನ ಮಳೆ ಹೊಡೆದರೆ ತೊಳೆದುಕೊಂಡು ಹೋಗುತ್ತದೆ.

ಭಾವನಿಗೆ ಮರಾಠಿ ಬಾರದು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅವರು ಕನ್ನಡಕ ಹಾಕಿಕೊಂಡು, ಹಾಲಿನ ಲೆಕ್ಕ ಬರೆಯುವ ನನ್ನ ಪುಸ್ತಕವನ್ನು ಎಳೆದುಕೊಂಡು, ಬಾಯಿಗೆ ಕುರ್ಚಿ ಹಾಕಿಸಿದರು. “ಕೂತುಕೊಳ್ಳಲು ಹೇಳಮ್ಮ. ಬಣ್ಣ ಹೇಗಿರುತ್ತೆ ಕೇಳು. ಮೊದಲ ಮಳೆ ಈ ಸಲ ಯಾವ ತಾರೀಕು ಬಂತು ಕೇಳು.”